ಸಣ್ಣವರಿಂದ ಶುರುಮಾಡಿ: ಶಾಲಾ ಫುಟ್‌ಬಾಲ್ ನೋಡುವ ರಸಿಕರಿಗೊಂದು ಕೈಪಿಡಿ

ಟಿ.ವಿ.ಯಲ್ಲಿ ಇಂಗ್ಲಿಷ್ ಲೀಗ್ ನೋಡಿ ಪಳಗಿದ ಕಣ್ಣಿಗೆ ಶಾಲಾ ಫುಟ್‌ಬಾಲ್ ಮೊದಲ ಸಲ ಸಪ್ಪೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಪಾಸು ಗುರಿ ತಪ್ಪುತ್ತದೆ. ಚೆಂಡು ಕಾಂಪೌಂಡು ಹಾರಿ ರಸ್ತೆಗೆ ಬೀಳುತ್ತದೆ, ಯಾರೋ ಓಡಿಹೋಗಿ ತರುವವರೆಗೆ ಆಟ ನಿಂತಿರುತ್ತದೆ. ಆದರೆ ಸಪ್ಪೆಯೆನ್ನುವವರಲ್ಲಿ ಹೆಚ್ಚಿನವರು ಬರುವುದೇ ಹದಿನೇಳರೊಳಗಿನವರ ಫೈನಲ್ ದಿನ. ಸ್ಕೋರು ಕೇಳುತ್ತಾರೆ, ಹೊರಡುತ್ತಾರೆ. ಯಕ್ಷಗಾನಕ್ಕೆ ನಡುರಾತ್ರಿ ಬಂದು ಬಣ್ಣದ ವೇಷವೊಂದನ್ನೇ ನೋಡಿ ಎದ್ದುಹೋದ ಹಾಗೆ. ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ಕಟ್ಟಿ ಕುಣಿದ ಹುಡುಗನ ಗುರುತಿದ್ದವನಿಗೆ, ಕೆಲವು ವರ್ಷಗಳ ಮೇಲೆ ಅವನೇ ಅರ್ಜುನನಾಗಿ ರಂಗಕ್ಕೆ ಬಂದಾಗ ಸಿಗುವ ಸುಖವೇ ಬೇರೆ.

ಬೆಂಗಳೂರಿನಲ್ಲಿ ಆಟವನ್ನು ಮನಸ್ಸಿಗೆ ಹಚ್ಚಿಕೊಂಡ ಶಾಲೆಯೊಂದರಲ್ಲಿ ಐದಾರು ತಂಡಗಳಾದರೂ ಇರುತ್ತವೆ: ಹತ್ತರೊಳಗಿನವರು, ಹನ್ನೆರಡು, ಹದಿನಾಲ್ಕು, ಹದಿನೇಳು, ಹುಡುಗಿಯರ ತಂಡ, ಕೆಲವು ವಯಸ್ಸಿಗೆ ‘ಎ’ ಮತ್ತು ‘ಬಿ’. ನೋಡಬೇಕಾದ್ದು ಇವೆಲ್ಲವನ್ನೂ, ಕೆಳಗಿನಿಂದ ಮೇಲಕ್ಕೆ.

ಸಣ್ಣವರ ಪಂದ್ಯಕ್ಕೆ ಬೆಳಿಗ್ಗೆ ಬೇಗ ಬನ್ನಿ. ತಂಡಕ್ಕೆ ಐದೋ ಏಳೋ ಮಂದಿ, ಮೂರು ಅಥವಾ ನಾಲ್ಕನೇ ನಂಬರಿನ ಚೆಂಡು, ಪುಟ್ಟ ಗೋಲು. ವಿಸಿಲ್ ಊದಿದ್ದೇ ತಡ, ಎಲ್ಲರೂ ಚೆಂಡಿನ ಸುತ್ತ ಒಂದೇ ಗುಂಪು. ಆ ಗುಂಪಿನೊಳಗೆ ನೋಡುವಂಥದ್ದು ಏನೂ ಇಲ್ಲ, ಹೊರಗೆ ನಿಂತವರನ್ನು ನೋಡಿ. ಅವರಲ್ಲಿ ಎರಡು ಬಗೆ. ಒಬ್ಬ ಪೆಟ್ಟಿಗೆ ಹೆದರಿಯೋ ಬೇಜಾರಾಗಿಯೋ ಮೇಲೆ ಹಾರುವ ಹದ್ದನ್ನು ನೋಡುತ್ತಿರುತ್ತಾನೆ. ಇನ್ನೊಬ್ಬನ ಕಣ್ಣು ಗುಂಪಿನ ಮೇಲೆಯೇ ಇರುತ್ತದೆ, ಹಿಮ್ಮಡಿ ನೆಲ ಬಿಟ್ಟಿರುತ್ತದೆ. ಚೆಂಡು ಎಂದಾದರೂ ಆಚೆ ಬರಲೇಬೇಕು, ಬಂದಾಗ ತಾನೊಬ್ಬನೇ ಇರುತ್ತೇನೆ ಎಂಬುದು ಅವನಿಗೆ ಗೊತ್ತು. ಫುಟ್‌ಬಾಲಿನ ಮೊದಲ ಪಾಠ, ಅಂದರೆ ಖಾಲಿ ಜಾಗದ ಬೆಲೆ, ಅವನಿಗೆ ಯಾರೂ ಹೇಳಿಕೊಡದೆ ಬಂದಿದೆ. ಪಕ್ಕದಲ್ಲಿ ಅಪ್ಪಂದಿರು ‘ಹೊಡಿ, ಹೊಡಿ’ ಎಂದು ಕೂಗುತ್ತಿರುತ್ತಾರೆ. ಅವರಿಂದ ಸ್ವಲ್ಪ ದೂರ ನಿಲ್ಲುವುದು ಕಿವಿಗೂ ಒಳ್ಳೆಯದು, ಆಟ ಅರ್ಥವಾಗಲಿಕ್ಕೂ ಒಳ್ಳೆಯದು.

ಹನ್ನೆರಡರ ವಯಸ್ಸಿನ ಹೊತ್ತಿಗೆ ಗುಂಪು ಒಡೆಯುತ್ತದೆ. ಒಂಬತ್ತು ಮಂದಿಯ ಆಟವಾದರೆ ಇನ್ನೂ ಚೆನ್ನ, ಎಲ್ಲರಿಗೂ ಚೆಂಡು ಸಿಗುತ್ತದೆ. ಇಲ್ಲಿ ಗಮನಿಸಬೇಕಾದ್ದು ಕತ್ತು. ಪಾಸು ಬರುವ ಮುಂಚೆಯೇ ಹಿಂತಿರುಗಿ ಒಮ್ಮೆ ನೋಡಿಕೊಳ್ಳುವ ಹುಡುಗ ಯಾರು? ಹಾಗೆ ನೋಡಿಕೊಂಡವನ ಮೊದಲ ಸ್ಪರ್ಶಕ್ಕೇ ಚೆಂಡು ಖಾಲಿ ಕಡೆಗೆ ಹೊರಳುತ್ತದೆ. ನೋಡಿಕೊಳ್ಳದವನು ಚೆಂಡು ನಿಲ್ಲಿಸಿ, ಆಮೇಲೆ ತಲೆಯೆತ್ತಿ, ಅಷ್ಟರಲ್ಲಿ ಕಳೆದುಕೊಂಡಿರುತ್ತಾನೆ. ಇನ್ನು ಚೆಂಡಿಗೆ ತಲೆ ಕೊಡುವುದನ್ನು ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹತ್ತು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ 2015ರಲ್ಲೇ ಬೇಡವೆಂದಿತು. ಇಂಗ್ಲೆಂಡಿನಲ್ಲಿ ಹನ್ನೊಂದರೊಳಗಿನವರ ಪಂದ್ಯಗಳಿಂದ ಅದನ್ನು 2024ರಿಂದ ಹಂತಹಂತವಾಗಿ ತೆಗೆಯುತ್ತಿದ್ದಾರೆ. ಮೆದುಳಿನ ಕಾಳಜಿಯಿಂದ ಬಂದ ನಿಯಮವಾದರೂ ನೋಡುಗನಿಗೂ ಲಾಭವೇ, ಚೆಂಡು ನೆಲದ ಮೇಲೆ ಇರುತ್ತದೆ. ನಮ್ಮ ಕಲ್ಲುಮಣ್ಣಿನ ಮೈದಾನಗಳಲ್ಲಿ ನೆಲದ ಮೇಲಿದ್ದ ಚೆಂಡೂ ಹೇಳಿದ ಮಾತು ಕೇಳುವುದಿಲ್ಲ, ಅದು ಬೇರೆ ವಿಷಯ.

ರಸಿಕನ ನಿಜವಾದ ಪರೀಕ್ಷೆ ಹದಿನಾಲ್ಕರ ತಂಡದಲ್ಲಿ. ಒಬ್ಬನಿಗೆ ಮೀಸೆ ಚಿಗುರಿದೆ, ಅವನನ್ನು ಮಾರ್ಕ್ ಮಾಡಬೇಕಾದವನಿಗೆ ಇನ್ನೂ ದನಿ ಒಡೆದಿಲ್ಲ. ವಯೋಮಿತಿಯನ್ನು ಸಾಮಾನ್ಯವಾಗಿ ಜನವರಿ 1ರಿಂದ ಎಣಿಸುವುದರಿಂದ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವರ್ಗ. ಕಾಗದದಲ್ಲಿ ಸಮವಯಸ್ಕರು, ಮೈಯಲ್ಲಿ ಹೆಚ್ಚುಕಡಿಮೆ ಒಂದು ವರ್ಷದ ಅಂತರ. ಎಳೆಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ಆಯ್ಕೆಯಾಗುತ್ತಾರೆ ಎಂಬುದನ್ನು ಹಲವು ದೇಶಗಳ ಸಂಶೋಧಕರು ಕಂಡುಕೊಂಡಿದ್ದಾರೆ. ಗೆಲ್ಲುವ ಅವಸರದಲ್ಲಿ ಪಿ.ಟಿ. ಸರ್ ಎತ್ತರ ನೋಡುತ್ತಾರೆ, ವೇಗ ನೋಡುತ್ತಾರೆ. ಡಿಸೆಂಬರಿನ ಹುಡುಗ ‘ಬಿ’ ತಂಡಕ್ಕೆ.

ಆದ್ದರಿಂದ ‘ಬಿ’ ತಂಡದ ಪಂದ್ಯ ತಪ್ಪಿಸಬೇಡಿ. ನನ್ನ ಮಟ್ಟಿಗೆ ಇಡೀ ಸೀಸನ್ನಿನ ಸೊಗಸು ಇರುವುದೇ ಅಲ್ಲಿ. ಭುಜಕ್ಕೆ ಭುಜ ಕೊಟ್ಟು ಗೆಲ್ಲಲಾಗದ ಸಣ್ಣ ಆಳು ಬೇರೆ ದಾರಿ ಹುಡುಕಲೇಬೇಕು. ಎದುರಾಳಿ ಮೈಮೇಲೆ ಬರುವ ಮುನ್ನ ಜೊತೆಗಾರನಿಗೆ ಚೆಂಡು ದಾಟಿಸುತ್ತಾನೆ, ಎಡಕ್ಕೆ ವಾಲಿ ಬಲಕ್ಕೆ ನುಸುಳುತ್ತಾನೆ, ಎಲ್ಲಿ ನಿಂತರೆ ಡಿಕ್ಕಿ ತಪ್ಪುತ್ತದೆಂದು ಲೆಕ್ಕ ಹಾಕುತ್ತಾನೆ. ಎರಡು ವರ್ಷದಲ್ಲಿ ಅವನೂ ಉದ್ದವಾಗುತ್ತಾನೆ, ಕಲಿತ ಯುಕ್ತಿ ಕೈಬಿಡುವುದಿಲ್ಲ. ಇದರ ತಿರುಗುಮುರುಗೂ ಉಂಟು. ಹೋದ ವರ್ಷ ಐದಾರು ಮಂದಿಯನ್ನು ದಾಟಿಕೊಂಡು ಹೋಗುತ್ತಿದ್ದವನು ಈ ವರ್ಷ ಗೇಣುದ್ದ ಬೆಳೆದು ತನ್ನ ಕಾಲಿಗೆ ತಾನೇ ತೊಡರುತ್ತಾನೆ. ಹಿಮ್ಮಡಿ ನೋವು, ಮೊಣಕಾಲ ಕೆಳಗಿನ ನೋವು ಈ ಪ್ರಾಯದ ಆಟಗಾರರಲ್ಲಿ ಮಾಮೂಲು. ‘ಅವನ ಕಥೆ ಮುಗೀತು’ ಎಂದು ಗೊಣಗುವವರ ಜೊತೆ ಸೇರಬೇಡಿ. ಹೊಸ ಕಾಲುಗಳ ಲೆಕ್ಕ ಮೈಗೆ ಸಿಗಲು ಸಮಯ ಬೇಕು.

ವಯಸ್ಸಿಗೆ ಇಷ್ಟು ಬೆಲೆ ಇರುವಲ್ಲಿ ವಯಸ್ಸಿನ ಕಳ್ಳತನವೂ ಇರುತ್ತದೆ. ವಯಸ್ಸು ಮೀರಿದವರನ್ನು ಇಳಿಸಿದ್ದಕ್ಕೆ ಸುಬ್ರೊತೊ ಕಪ್‌ನಲ್ಲೇ ತಂಡಗಳು ಅನರ್ಹಗೊಂಡದ್ದುಂಟು.

ಆ ಕಪ್ಪೇ ಹದಿನೇಳರ ತಂಡದ ಕನಸು. ವಾಯುಪಡೆಯ ಮೊದಲ ಭಾರತೀಯ ಮುಖ್ಯಸ್ಥ ಸುಬ್ರೊತೊ ಮುಖರ್ಜಿಯವರ ಹೆಸರಿನಲ್ಲಿ 1960ರಲ್ಲಿ ಶುರುವಾದ ಶಾಲಾ ಪಂದ್ಯಾವಳಿ. ದಿಲ್ಲಿಯ ಮೈದಾನ ಕಾಣಬೇಕಾದರೆ ಮೊದಲು ಕೆಳಗಿನ ಹಂತಗಳನ್ನು ದಾಟಬೇಕು. ಅಲ್ಲಿ ಹೆಚ್ಚಿನವು ಸೋತರೆ ಮನೆಗೆ ಎಂಬ ನಾಕೌಟ್ ಪಂದ್ಯಗಳು, ಅದೂ ಮಳೆಗಾಲದಲ್ಲಿ. ಹೊಂಡದಲ್ಲಿ ಚೆಂಡು ಥಟ್ಟನೆ ನಿಲ್ಲುತ್ತದೆ. ಒಣನೆಲದಲ್ಲಿ ಚಂದದ ಪಾಸುಗಳಿಂದ ಗೆದ್ದುಬಂದ ತಂಡ ಕೆಸರು ಕಂಡಾಗ ಚೆಂಡನ್ನು ಎತ್ತಿ ಕಳಿಸುತ್ತದೆಯೋ, ಹಟ ಹಿಡಿದು ನೆಲದಲ್ಲೇ ಉರುಳಿಸುತ್ತದೆಯೋ ನೋಡಿ. ಬುದ್ಧಿ ಬದಲಿಸಲಾರದ ಒಳ್ಳೆಯ ತಂಡಗಳು ಜುಲೈಯಲ್ಲೇ ಮನೆ ಸೇರಿದ್ದನ್ನು ಕಂಡಿದ್ದೇನೆ.

ಹದಿನೇಳರ ಪಂದ್ಯಕ್ಕೆ ಮಾತ್ರ ನಿಂತ ಜಾಗ ಬದಲಿಸಿ, ಗೋಲಿನ ಹಿಂದೆ ಹೋಗಿ. ಅಲ್ಲಿಂದ ಹನ್ನೊಂದು ಮಂದಿಯ ಆಕಾರ ಕಾಣುತ್ತದೆ: ಡಿಫೆಂಡರುಗಳ ಸಾಲಿಗೂ ಮಿಡ್‌ಫೀಲ್ಡಿಗೂ ನಡುವೆ ಎಷ್ಟು ಬಯಲಿದೆ, ಚೆಂಡು ಕಳೆದುಕೊಂಡ ಮರುಕ್ಷಣ ಯಾರು ಓಡುತ್ತಾರೆ, ಯಾರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಹತ್ತು ನಿಮಿಷ ಒಬ್ಬನನ್ನೇ ಹಿಂಬಾಲಿಸಿ, ಚೆಂಡು ಎಲ್ಲಿದೆಯೆಂದು ಮರೆತುಬಿಡಿ. ಮೊದಮೊದಲು ಇದು ಕಷ್ಟ.

ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಕಡೆ ಪಂದ್ಯವಿದ್ದರೆ ಗೆರೆಯ ಪಕ್ಕ ನಿಂತ ಮುದುಕರ ಹತ್ತಿರ ಸರಿಯಿರಿ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್ ತಂಡದ ಊರು ಇದು. 1948ರ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ಇಲ್ಲಿಯವರೇ. ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೂ ಇದೆ. ತಮಿಳು, ದಖನಿ, ಕನ್ನಡ ಬೆರೆತ ಆ ಮುದುಕರ ಟೀಕೆಟಿಪ್ಪಣಿಯಲ್ಲಿ ಬೈಗುಳ ಕಳೆದು ಉಳಿದದ್ದೆಲ್ಲ ವಿದ್ಯೆ. ಗೋಲು ಬಿದ್ದಾಗ ಅವರು ಹೊಡೆದವನನ್ನು ಹೊಗಳುವುದು ಅಪರೂಪ. ಅದಕ್ಕಿಂತ ಮೂರು ಪಾಸು ಹಿಂದೆ ಡಿಫೆಂಡರನ್ನು ಪಕ್ಕಕ್ಕೆ ಸೆಳೆದುಕೊಂಡು ಹೋದವನ ಹೆಸರು ಕೇಳುತ್ತಾರೆ.

ಪರೀಕ್ಷೆ ಹತ್ತಿರವಾದಂತೆ ಹುಡುಗರು ಓದಿಗೆ ಕೂತು ತಂಡ ಕರಗುತ್ತದೆ. ಕ್ಲಬ್ಬುಗಳ ಹಾಗೆ ಹಣ ಕೊಟ್ಟು ಡಿಫೆಂಡರನ್ನು ತರುವಂತಿಲ್ಲ, ವಯಸ್ಸು ದಾಟಿದವನ ಜಾಗ ಕೆಳಗಿನ ತಂಡದಿಂದಲೇ ತುಂಬಬೇಕು. ‘ಬಿ’ ತಂಡ ನೋಡಿದವರು ಈಗ, ಯಾರು ಮೇಲೇರುತ್ತಾರೆಂದು ತಮ್ಮತಮ್ಮಲ್ಲೇ ಪಣ ಕಟ್ಟಬಹುದು.

ಹುಡುಗಿಯರ ಪಂದ್ಯವನ್ನು ಕೊನೆಗೆ ಇಟ್ಟದ್ದು ಬೇಕೆಂದೇ. ಅನೇಕ ಶಾಲೆಗಳಲ್ಲಿ ವಯಸ್ಸಿಗೊಂದು ತಂಡ ಮಾಡುವಷ್ಟು ಹುಡುಗಿಯರು ಇನ್ನೂ ಬರುತ್ತಿಲ್ಲ, ಹಾಗಾಗಿ ಹನ್ನೆರಡರವಳೂ ಹದಿನಾರರವಳೂ ಒಂದೇ ಜರ್ಸಿಯಲ್ಲಿ ಆಡುತ್ತಾರೆ. ಇಲ್ಲಿಯವರೆಗೆ ಬೇರೆಬೇರೆ ಪಂದ್ಯಗಳಲ್ಲಿ ಕಂಡದ್ದೆಲ್ಲ ಒಂದೇ ಅರ್ಧಗಂಟೆಯಲ್ಲಿ ಎದುರಾಗುತ್ತದೆ: ಚೆಂಡಿನ ಹಿಂದೆ ಬೀಳುವವಳು, ಕತ್ತು ತಿರುಗಿಸಿ ನೋಡಿಕೊಳ್ಳುವವಳು, ಹೊಸ ಕಾಲುಗಳ ಜೊತೆ ಹೆಣಗುವವಳು, ಇಡೀ ಮೈದಾನವನ್ನು ಲೆಕ್ಕದಲ್ಲಿಟ್ಟುಕೊಂಡವಳು. ಹಿಂದಿನ ಸಾಲಿನ ಹಿರಿಯಳು ಆಟದುದ್ದಕ್ಕೂ ಬಾಯಿ ಮುಚ್ಚುವುದಿಲ್ಲ. ‘ಬಿಡು, ಬಿಡು, ಈಗ ಹೋಗು, ಹಿಂದೆ ಇದಾಳೆ ನೋಡೇ’ ಎಂದು ಚಿಕ್ಕವರನ್ನು ನಡೆಸುತ್ತಿರುತ್ತಾಳೆ. ಅವಳ ಮಾತು ಕೇಳುವಷ್ಟು ಹತ್ತಿರ ನಿಲ್ಲಿ. ಹುಡುಗರ ಫೈನಲ್ ಮುಗಿದ ಕೂಡಲೇ ಜನ ಚದುರುತ್ತಾರೆ, ಗೆರೆಯ ಪಕ್ಕ ಬೇಕಾದಷ್ಟು ಜಾಗವಿರುತ್ತದೆ.