ಬಿದ್ದ ಸವಾರನ ಹೆಗಲು

ಸೈಕಲ್ ರೇಸಿನ ಲೋಕದಲ್ಲಿ ಕಾಲರ್ ಬೋನ್ ಮುರಿಯುವುದು ಹೊಸ ಸುದ್ದಿಯೇನಲ್ಲ. 2023ರ ಟೂರ್ ದ ಫ್ರಾನ್ಸ್‌ನ 8ನೇ ಹಂತದಲ್ಲಿ ಬಿದ್ದ ಮಾರ್ಕ್ ಕ್ಯಾವೆಂಡಿಶ್ ಅದೇ ಮೂಳೆ ಮುರಿದುಕೊಂಡು ಸ್ಪರ್ಧೆಯಿಂದ ಹೊರನಡೆದರು. ಮರುವರ್ಷ ಬಂದು ತಮ್ಮ 35ನೇ ಹಂತ ಗೆದ್ದು ದಾಖಲೆ ಬರೆದರು. ವೃತ್ತಿಪರರು ಪ್ಲೇಟು, ಸ್ಕ್ರೂ ಹಾಕಿಸಿಕೊಂಡು ಬೇಗನೆ ಪೆಡಲ್ ತುಳಿಯುವುದುಂಟು. ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ತರಬೇತಿಗೆ ಹೋಗುವ ಹತ್ತು ವರ್ಷದ ಹುಡುಗನಿಗೆ ಈ ಲೆಕ್ಕ ಹೊಂದುವುದಿಲ್ಲ.

ಹುಡುಗ ಹ್ಯಾಂಡಲ್ ದಾಟಿ ಹೆಗಲ ಮೇಲೆ ಬೀಳುತ್ತಾನೆ. ಏಟು ಎದೆಯ ಕಡೆ ಸಾಗುವಾಗ ಎಸ್ ಆಕಾರದ ಈ ಸಣ್ಣ ಮೂಳೆಯ ನಡುಭಾಗವೇ ಹೆಚ್ಚಾಗಿ ಮುರಿಯುತ್ತದೆ. ಎದ್ದು ನಿಂತ ಭಂಗಿಯಲ್ಲೇ ಅದು ಗೊತ್ತಾಗುತ್ತದೆ: ಒಂದು ಕೈಯಿಂದ ಇನ್ನೊಂದು ಮೊಣಕೈಯನ್ನು ಹಿಡಿದೆತ್ತಿಕೊಂಡಿರುತ್ತಾನೆ, ತಲೆ ನೋವಿನ ಕಡೆಗೇ ವಾಲಿರುತ್ತದೆ. ಎಳೆಯರಲ್ಲಿ ಮೂಳೆ ಹಸಿಕಡ್ಡಿಯ ಹಾಗೆ ಬಾಗಿ ಒಂದೇ ಮಗ್ಗುಲಲ್ಲಿ ಸೀಳುವುದೂ ಇದೆ. ಮೂಳೆಗೆ ಹೊದ್ದ ಪೊರೆ ಅವರಲ್ಲಿ ದಪ್ಪ. ಹಾಗಾಗಿ ಕೂಡಿಕೊಳ್ಳುವುದೂ ಬೇಗ.

ಆದ್ದರಿಂದ ಚಿಕಿತ್ಸೆ ಎಷ್ಟು ಸರಳವೆಂದರೆ ಹೆತ್ತವರಿಗೆ ನಂಬಿಕೆಯೇ ಬರುವುದಿಲ್ಲ. ಎಕ್ಸ್‌ರೇ, ನೋವಿನ ಔಷಧ, ಎರಡರಿಂದ ನಾಲ್ಕು ವಾರ ಸ್ಲಿಂಗ್, ಅಷ್ಟೇ. ಬೆನ್ನಿಗೆ ಎಂಟರ ಆಕಾರದಲ್ಲಿ ಬಿಗಿಯುವ ಪಟ್ಟಿಯಿಂದ ಹೆಚ್ಚಿನ ಲಾಭವಿಲ್ಲ, ಕಂಕುಳು ಮಾತ್ರ ಉರಿಯುತ್ತದೆ. ಎಣ್ಣೆ ತಿಕ್ಕಿಸಿ ಗಟ್ಟಿ ಕಟ್ಟು ಹಾಕಿಸುವುದಂತೂ ಬೇಡವೇ ಬೇಡ. ಬೆರಳು, ಮಣಿಕಟ್ಟುಗಳನ್ನು ಮೊದಲ ದಿನದಿಂದಲೇ ಆಡಿಸಲಿ.

ಕೆಲವು ವಾರಗಳಲ್ಲಿ ಮುರಿದ ಜಾಗದಲ್ಲಿ ಗಂಟು ಏಳುತ್ತದೆ. ಮೂಳೆ ತಪ್ಪಾಗಿ ಕೂಡಿತೆಂದು ಮನೆಯವರು ಗಾಬರಿಯಾಗುತ್ತಾರೆ. ಅದು ಹೊಸ ಮೂಳೆ. ಬೆಳೆಯುವ ಮಕ್ಕಳಲ್ಲಿ ತಿಂಗಳುಗಳು ಕಳೆದಂತೆ ಸವೆದು ಸಮವಾಗುತ್ತದೆ.

ನಿಜಕ್ಕೂ ಹೆದರಬೇಕಾದ್ದು ಬೇರೆಯೇ ಇದೆ. ಮೂಳೆಯ ತುದಿ ಚರ್ಮವನ್ನು ಒಳಗಿನಿಂದ ಚುಚ್ಚಿ ಬಿಳಿಚಿಸಿದ್ದರೆ, ಗಾಯ ಬಾಯಿ ತೆರೆದಿದ್ದರೆ, ಕೈ ಜೋಮು ಹಿಡಿದಿದ್ದರೆ ಅಥವಾ ತಣ್ಣಗಾಗಿದ್ದರೆ ತಡಮಾಡುವಂತಿಲ್ಲ. ಎದೆಮೂಳೆಗೆ ಸೇರುವ ತುದಿ ಹಿಂದಕ್ಕೆ ಜಾರುವುದು ಅಪರೂಪ, ಅಷ್ಟೇ ಅಪಾಯಕಾರಿ. ಅಲ್ಲೇ ಹಿಂದೆ ಶ್ವಾಸನಾಳ, ಅನ್ನನಾಳ, ದೊಡ್ಡ ರಕ್ತನಾಳಗಳಿವೆ. ಉಸಿರಾಡಲು, ಎಂಜಲು ನುಂಗಲು ಕಷ್ಟವಾದರೆ ಅದು ತುರ್ತು ಪರಿಸ್ಥಿತಿ. ಸಾಮಾನ್ಯ ಎಕ್ಸ್‌ರೇಯಲ್ಲಿ ಇದು ಕಣ್ತಪ್ಪಬಹುದು, ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ನೋವು ಹೋಯಿತೆಂದು ಸೈಕಲ್ ಕೇಳುವ ಹುಡುಗನನ್ನು ತಡೆಯುವುದೇ ಕೊನೆಯ ಕಷ್ಟ. ಮೂಳೆ ಪೂರ್ತಿ ಬಲಿಯುವ ಮೊದಲೇ ಬಿದ್ದರೆ ಅದೇ ಜಾಗದಲ್ಲಿ ಮತ್ತೆ ಮುರಿಯಬಹುದು. ಮುಂದಿನ ವಾರ ರೇಸ್ ಇದೆಯೆಂದು ಕೋಚ್ ಅವಸರಿಸಿದರೂ, ವೈದ್ಯರು ಒಪ್ಪುವ ತನಕ ಸೈಕಲ್ಲಿನ ಬೀಗದ ಕೈ ಅಪ್ಪನ ಜೇಬಿನಲ್ಲೇ ಇರಲಿ.