‘ಒಂಟೆ ಷಿಯಾಂಗ್ಜು’: ಒಂದು ವಿಮರ್ಶೆ

ಚೀನಾ ದೇಶದ ಲಾವೊ ಷ ಎಂಬ ಗ್ರಂಥಕರ್ತನ (1899–1966) ಈ ಕಾದಂಬರಿಯು 1936-37ರಲ್ಲಿ ಒಂದು ಪತ್ರಿಕೆಯಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಇಂಗ್ಲಿಷ್ ಪರಿವರ್ತನದಲ್ಲಿ ಇದನ್ನು ಓದಿದ ನನಗೆ ಕಥೆಗಿಂತಲೂ ಅದರೊಳಗೆ ಅಡಗಿದ ಪ್ರಶ್ನೆಯೊಂದು ಹೆಚ್ಚು ವಿಚಾರಾರ್ಹವಾಗಿ ತೋರಿತು. ಹಳ್ಳಿಯಿಂದ ಬಂದವನನ್ನು ನಗರದಲ್ಲಿ ಕೆಡಿಸುವುದು ದಾರಿದ್ರ್ಯವೋ, ಜನರು ತನ್ನನ್ನು ಕೀಳಾಗಿ ಎಣಿಸುತ್ತಿರುವರೆಂಬ ಅಳುಕೋ?

ತಂದೆತಾಯಿಗಳನ್ನೂ ಹೊಲವನ್ನೂ ಕಳೆದುಕೊಂಡ ಷಿಯಾಂಗ್ಜು ಹದಿನೆಂಟನೆಯ ವಯಸ್ಸಿನಲ್ಲಿ ಬೇಪಿಂಗ್ ನಗರಕ್ಕೆ ಬಂದು ರಿಕ್ಷಾ ಎಳೆಯತೊಡಗುತ್ತಾನೆ. ಮೂರು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೊಂಡ ಸ್ವಂತ ಗಾಡಿಯನ್ನು ಸೈನಿಕರು ಕಸಿಯುತ್ತಾರೆ. ಅವರಿಂದ ತಪ್ಪಿಸಿಕೊಂಡು ಮೂರು ಒಂಟೆಗಳೊಡನೆ ಬಂದುದರಿಂದ ಅವನಿಗೆ ಆ ಅಡ್ಡಹೆಸರು. ಮುಂದೆ ಹೆಂಡತಿಯ ಉತ್ತರಕ್ರಿಯೆಗಾಗಿ ಮತ್ತೊಂದು ಗಾಡಿಯನ್ನೂ ಮಾರುತ್ತಾನೆ. ಇವು ಕಣ್ಣಿಗೆ ಕಾಣುವ ಪೆಟ್ಟುಗಳು.

ಕಾಣದ ಪೆಟ್ಟೇ ಕಾದಂಬರಿಯ ಜೀವ. ಯಾಂಗ್ ಎಂಬವರ ಮನೆಯಲ್ಲಿ ನಾಲ್ಕೇ ದಿನ ದುಡಿದು, ಅವರು ಆಳುಗಳನ್ನು ಮನುಷ್ಯರೆಂದೇ ಬಗೆಯದಿರುವುದನ್ನು ಸಹಿಸಲಾರದೆ, ಯಜಮಾನಿಯ ಮುಖಕ್ಕೆ ನೋಟನ್ನೆಸೆದು ಹೊರಡುತ್ತಾನೆ. ಆ ಬಳಿಕ ಸಜ್ಜನನಾದ ತ್ಸಾವೊ ಎಂಬವನ ಮನೆಗೆ ಸೇರುತ್ತಾನೆ. ಒಂದು ರಾತ್ರಿ ಗಾಡಿ ಮುಗ್ಗರಿಸಿ ಯಜಮಾನನಿಗೆ ಗಾಯವಾಗಲು, ಆತನು ಒಂದು ಮಾತೂ ಆಡದಿದ್ದರೂ, ಇವನೇ ಸಂಬಳ ಬಿಟ್ಟು ಹೋಗುವೆನೆನ್ನುತ್ತಾನೆ. ಬೈಗುಳವನ್ನು ನಿರೀಕ್ಷಿಸಿ ನಿರೀಕ್ಷಿಸಿ ಮನಸ್ಸು ಹದಗೆಟ್ಟವನಿಗೆ ದಯೆಯೂ ಅರ್ಥವಾಗದು. ನಾನು ಹಳ್ಳಿಯಿಂದ ಪಾಠಶಾಲೆಗೆ ಸೇರಿದ ಹೊಸತರಲ್ಲಿ ಸಹಪಾಠಿಗಳು ನಕ್ಕರೆಲ್ಲ ನನ್ನ ಉಚ್ಚಾರಣೆಗೇ ನಕ್ಕರೆಂದು ಭಾವಿಸಿ ಎಷ್ಟೋ ದಿನ ಮೂಕನಾಗಿದ್ದೆನು. ಆದುದರಿಂದ ಈ ಸನ್ನಿವೇಶದಲ್ಲಿ ನನಗೆ ಅತಿಶಯೋಕ್ತಿ ಕಾಣಲಿಲ್ಲ.

ಇದರ ಫಲವು ಎಲ್ಲಿಗೆ ಮುಟ್ಟುವುದೆಂಬುದನ್ನು ಕವಿಯು ಬಹು ನಿಪುಣತೆಯಿಂದ ತೋರಿದ್ದಾನೆ. ಗಾವೊ ಮಾ ಎಂಬ ಆಳು ಹೆಂಗಸು ಹಣವನ್ನು ಬಡ್ಡಿಗೆ ಕೊಡೆಂದು ಹಿತ ಹೇಳಿದರೂ ಅವನು ಒಪ್ಪನು. ಉಳಿತಾಯದ ಪುಸ್ತಕವನ್ನೂ ನಂಬನು. ಮಣ್ಣಿನ ಕುಡಿಕೆಯಲ್ಲಿ ಹಾಕುತ್ತಾನೆ. ಗುಪ್ತಚಾರನೊಬ್ಬನು ಬೆದರಿಸಿ ಒಯ್ಯುವುದು ಆ ಕುಡಿಕೆಯ ಹಣವನ್ನೇ.

ಶಾಕುಂತಲದ ಆರನೆಯ ಅಂಕದ ಬೆಸ್ತನನ್ನೂ ನಗರದ ಕಾವಲುಗಾರರು ಅವನ ಕಸುಬು ಹಿಡಿದು ಹಾಸ್ಯಮಾಡುತ್ತಾರೆ. ಅವನಾದರೋ ಕುಗ್ಗದೆ ಉತ್ತರ ಕೊಡುತ್ತಾನೆ. ಏಕೆಂದರೆ ಅವನ ಬೆನ್ನಿಗೆ ಕುಲವಿದೆ, ಶಕ್ರಾವತಾರವಿದೆ. ಷಿಯಾಂಗ್ಜುವಿಗೆ ಮರಳಲು ಊರೇ ಇಲ್ಲ. ಹೀಗಿರಲು ಗ್ರಂಥಕರ್ತನು ಕೊನೆಯಲ್ಲಿ ನಾಯಕನ ಒಂಟಿತನದ ಸ್ವಾರ್ಥವನ್ನೇ ದೂಷಿಸಿರುವುದು ನನಗೆ ಔಚಿತ್ಯಭಂಗವೆಂದೇ ತೋರುತ್ತದೆ. ಒಂಟಿಯಾಗಿ ಮಾಡಿದವರಾರು?

ಎಲ್ಲವೂ ಅವನ ಭ್ರಮೆಯೆನ್ನುವಂತೆಯೂ ಇಲ್ಲ. ಚೀನಾದಲ್ಲಿ 1958ರ ನಿವಾಸನೋಂದಣಿಯ ನಿಯಮವು ಹಳ್ಳಿಗರನ್ನೂ ನಗರದವರನ್ನೂ ಕಾಗದದ ಮೇಲೆಯೇ ಬೇರ್ಪಡಿಸಿತು. ವಲಸೆ ಬಂದವರ ಮಕ್ಕಳಿಗೆ ನಗರದ ಶಾಲೆಯ ಬಾಗಿಲೂ ಸುಲಭವಾಗಿ ತೆರೆಯಲಿಲ್ಲ. 2020ರ ಜನಗಣತಿಯಲ್ಲಿ ನೋಂದಣಿಯ ಸ್ಥಳ ಬಿಟ್ಟು ಬಾಳುವವರು 37 ಕೋಟಿಗೂ ಮಿಕ್ಕಿದ್ದರು, ಬಹುಮಂದಿ ಹಳ್ಳಿಯವರೇ. ಸರಕಾರದ ಕಾಗದವೇ ಹೊರಗಿನವನೆಂದು ಹೇಳುವಾಗ, ಅಂಗಡಿಯವನ ನೋಟದಲ್ಲಿ ಅದನ್ನೇ ಕಂಡವನನ್ನು ಸಂಶಯಗ್ರಸ್ತನೆನ್ನುವುದು ಹೇಗೆ?

ಓದಬಯಸುವವರಿಗೆ ಒಂದು ಮಾತು. 1945ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಪರಿವರ್ತನದಲ್ಲಿ ಅನುವಾದಕನು ಕರುಣಾಂತವಾದ ಕಥೆಯನ್ನು ಸುಖಾಂತವಾಗಿ ತಿದ್ದಿಬಿಟ್ಟಿದ್ದಾನೆ. 2010ರ ಗೋಲ್ಡ್‌ಬ್ಲಾಟ್ ಮಹಾಶಯರ ಪರಿವರ್ತನವನ್ನೇ ತರಿಸಿಕೊಳ್ಳುವುದು ಲೇಸು.