ಆಪಲ್‌ಟಾಕ್ ಮತ್ತು ಅಂತರಜಾಲ: 200 ಮೈಕ್ರೋಸೆಕೆಂಡಿನ ತೊಡಕು

ಹಳೆಯ ಮೆಕಿಂಟಾಷ್ ಗಣಕಗಳ ಆಪಲ್‌ಟಾಕ್ ಜಾಲಗಳನ್ನು 2024ರ ಮಾರ್ಚ್ ತಿಂಗಳಲ್ಲಿ ಹಲವು ದೇಶಗಳ ಹವ್ಯಾಸಿಗಳು ‘ಗ್ಲೋಬಲ್‌ಟಾಕ್’ ಎಂಬ ಹೆಸರಿನಲ್ಲಿ ಅಂತರಜಾಲದ ಮೂಲಕ ಬೆಸೆದರು. ಹಳೆಯ ಪ್ಯಾಕೆಟ್ಟನ್ನು ಹೊಸದರೊಳಗೆ ತುಂಬಿ ಕಳಿಸಿದರೆ ಆಯಿತು, ಲಕೋಟೆಯೊಳಗೊಂದು ಲಕೋಟೆ ಎಂದು ಇದನ್ನು ವಿವರಿಸುವುದು ವಾಡಿಕೆ. ತರಗತಿಯಲ್ಲಿ ನಾನೂ ಹಾಗೆಯೇ ಹೇಳುತ್ತಿದ್ದೆ. “ಉತ್ತರ ತಡವಾಗಿ ಬಂದರೆ ಹಳೆಯ ಗಣಕ ಕಾಯುತ್ತದೆಯೇ ಸಾರ್?” ಎಂದು ವಿದ್ಯಾರ್ಥಿಯೊಬ್ಬ ಕೇಳಿದ ಮೇಲೆ ಆ ಹೋಲಿಕೆಯನ್ನು ಕೈಬಿಟ್ಟೆ.

ಏಕೆಂದರೆ ಅದು ಕಾಯುವುದಿಲ್ಲ. ಆಪಲ್ 1985ರಲ್ಲಿ ಹೊರತಂದ, ಮುಂದೆ ಲೋಕಲ್‌ಟಾಕ್ ಎನಿಸಿದ ತಂತಿ ಜಾಲದ ವೇಗ ಸೆಕೆಂಡಿಗೆ 230.4 ಕಿಲೋಬಿಟ್, ಉದ್ದ ಸುಮಾರು 300 ಮೀಟರ್. ಮಾಹಿತಿ ಕಳಿಸುವ ಮುನ್ನ ಗಣಕ ‘ಕಳಿಸಲೇ?’ ಎಂದು ಕೇಳುತ್ತದೆ. ‘ಕಳಿಸು’ ಎಂಬ ಉತ್ತರ 200 ಮೈಕ್ರೋಸೆಕೆಂಡಿನೊಳಗೆ ಆರಂಭವಾಗಬೇಕು. 300 ಮೀಟರ್ ತಂತಿಯಲ್ಲಿ ಸಂಕೇತ ಸಾಗಲು ಒಂದೂವರೆ ಮೈಕ್ರೋಸೆಕೆಂಡಿನಷ್ಟು ಸಾಕು. ಉಳಿದ ಅವಧಿಯೆಲ್ಲ ಸಂಸ್ಕಾರಕದ ಕೆಲಸಕ್ಕೆ. ಈಗ ಸ್ಯಾನ್‌ಫ್ರಾನ್ಸಿಸ್ಕೋ ಮತ್ತು ಲಂಡನ್ನಿನ ನಡುವಿನ 8,600 ಕಿಲೋಮೀಟರನ್ನು ತೆಗೆದುಕೊಳ್ಳಿ. ದ್ಯುತಿತಂತುವಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹೋಗಿಬರಲು ಕನಿಷ್ಠ 86 ಮಿಲಿಸೆಕೆಂಡ್, ಅಂದರೆ ಗಡುವಿನ 430 ಪಟ್ಟು! ಯಾವ ಬ್ರಾಡ್‌ಬ್ಯಾಂಡೂ ಇದನ್ನು ಸರಿಪಡಿಸಲಾರದು.

ಮಿನಿ ವಿಮ್ಯಾಕ್ ಎಂಬ ಅನುಕರಣ ತಂತ್ರಾಂಶ ಇದಕ್ಕೆ ಕಂಡುಕೊಂಡ ಉಪಾಯ ಒಂದು ಸುಳ್ಳು. ಲೋಕಲ್‌ಟಾಕ್ ಚೌಕಟ್ಟನ್ನು ಯುಡಿಪಿ ಪ್ಯಾಕೆಟ್ಟಿನಲ್ಲಿಟ್ಟು ಕಳಿಸುವಾಗ, ‘ಕಳಿಸಲೇ?’ ಎಂಬ ಪ್ರಶ್ನೆಗೆ ತಂತ್ರಾಂಶವೇ ಅಲ್ಲಿಂದಲ್ಲೇ ‘ಕಳಿಸು’ ಎಂದುಬಿಡುತ್ತದೆ. ಎದುರಿನ ಗಣಕ ಇದೆಯೋ ಇಲ್ಲವೋ ಅದು ನೋಡುವುದಿಲ್ಲ. ಇದು ಮೋಸವೆಂದು ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಪ್ಯಾಕೆಟ್ ತಲುಪಿತೆಂಬ ಭರವಸೆಯನ್ನು ಆಪಲ್‌ಟಾಕ್‌ನ ಕೆಳಸ್ತರ ಎಂದೂ ಕೊಟ್ಟಿರಲಿಲ್ಲ. ಉತ್ತರ ಬಾರದಿದ್ದರೆ ಮತ್ತೆ ಕೇಳುವ ಹೊಣೆ ಮೇಲಿನ ಸ್ತರದ್ದು.

ನನ್ನ ಆಕ್ಷೇಪಣೆ ಬೇರೆ. ಗಣಕವು ತನ್ನ ವಿಳಾಸಕ್ಕಾಗಿ ಒಂದು ಸಂಖ್ಯೆಯನ್ನು ಊಹಿಸಿ ‘ಇದು ಯಾರದಾದರೂ ಇದೆಯೇ?’ ಎಂದು ಹಲವು ಸಲ ಕೇಳುತ್ತದೆ. ಯಾರೂ ಮಾತಾಡದಿದ್ದರೆ ಸಂಖ್ಯೆ ತನ್ನದೇ ಎಂದುಕೊಳ್ಳುತ್ತದೆ. ಇಲ್ಲಿ ಸುಳ್ಳು ಉತ್ತರ ನಡೆಯದು. ತಡವಾದ ಉತ್ತರವೂ ಅಪಾಯ, ಒಂದೇ ಸಂಖ್ಯೆಗೆ ಇಬ್ಬರು ಒಡೆಯರಾಗುತ್ತಾರೆ. ಒಂದೇ ಮನೆಯೊಳಗೆ ಈ ವಿಧಾನ ಸೊಗಸಾಗಿದೆ. ಅದನ್ನು ಖಂಡಾಂತರಕ್ಕೆ ಎಳೆಯುವುದು ಸರಿಯಲ್ಲ.

ಸರಿಯಾದ ದಾರಿ 1993ರಲ್ಲೇ ಆರ್‌ಎಫ್‌ಸಿ 1504ರಲ್ಲಿ ಪ್ರಕಟವಾಗಿತ್ತು. ಎಯುಆರ್‌ಪಿ ಎಂಬ ಆ ಪ್ರೋಟೋಕಾಲ್ ಗಣಕಗಳನ್ನಲ್ಲ, ರೌಟರುಗಳನ್ನು ಜೋಡಿಸುತ್ತದೆ. ಅವಸರದ ಸಂಭಾಷಣೆ ಆಯಾ ಮನೆಯ ತಂತಿಯಲ್ಲೇ ಮುಗಿಯುತ್ತದೆ. ಹಳೆಯ ರೌಟರುಗಳು 10 ಸೆಕೆಂಡಿಗೊಮ್ಮೆ ತಮ್ಮ ಮಾರ್ಗಪಟ್ಟಿಯನ್ನು ಸಾರುತ್ತಿದ್ದವು. ಇಲ್ಲಿ ಬದಲಾವಣೆಗಳನ್ನಷ್ಟೇ ತಿಳಿಸಿದರೆ ಸಾಕು. ಎರಡು ಜಾಲಗಳ ಸಂಖ್ಯೆ ಒಂದೇ ಆಗಿದ್ದರೆ ಬದಲಿ ಸಂಖ್ಯೆ ಕೊಡುವ ಏರ್ಪಾಡೂ ಉಂಟು. ಗ್ಲೋಬಲ್‌ಟಾಕ್ ನಿಂತದ್ದು ಇದರ ಮೇಲೆಯೇ.

ಕೊರತೆಗಳಿಲ್ಲವೆಂದಲ್ಲ. ಆಪಲ್‌ನ ಹಳೆಯ ರೌಟರ್ ತಂತ್ರಾಂಶದಲ್ಲಿ ಎದುರು ಬದಿಯ ಐಪಿ ವಿಳಾಸವನ್ನು ಕೈಯಾರೆ ತುಂಬಬೇಕು. ಮನೆಯ ಸಂಪರ್ಕದ ವಿಳಾಸ ಬದಲಾದರೆ ಕೊಂಡಿ ಕಳಚುತ್ತದೆ. ಗೂಢಲಿಪೀಕರಣವಂತೂ ಇಲ್ಲವೇ ಇಲ್ಲ. ಕಡತಗಳು ತೆರೆದ ಅಂಚೆಕಾರ್ಡಿನಂತೆ ಸಾಗುತ್ತವೆ. ನಿಮ್ಮ ಕಾಲೇಜಿನಲ್ಲಿ ಇದನ್ನು ಪ್ರಯೋಗಿಸುವುದಾದರೆ, ಗೂಢಲಿಪೀಕರಣವಿರುವ ಸುರಂಗದೊಳಗೇ ಎಯುಆರ್‌ಪಿಯನ್ನು ನಡೆಸಿ. ಅಂಕಪಟ್ಟಿಗಳಿರುವ ಗಣಕವನ್ನು ಆ ಜಾಲಕ್ಕೆ ಸೇರಿಸಬೇಡಿ.